ಅಗಸಿ ಬಯಲು, ಬೇವಿನ ಕಟ್ಟೆ, ನಳದ ನೀರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮೂರ ಅಗಸಿ (ಊರ ಹೆಬ್ಬಾಗಿಲು) ಮುಂದಿನ ಬಯಲು ಸುಮಾರು 40 ಅಡಿ ಚೌಕ. ಹಿಂದೆ ಹಾಕಿಸಿದ ಪೇವರ್ ಬ್ಲಾಕ್ ಎರಡೇ ಮಳೆಗಾಲಕ್ಕೆ ಎದ್ದು ಕೂತಿವೆ. ಈ ಸಲ ಶಹಾಬಾದ್ ಫರ್ಸಿ (ಹಾಸುಗಲ್ಲು) ಹಾಕಿಸಬೇಕೆಂದಿದ್ದೇವೆ. ಅಡಿಗೆ ಕಾಂಕ್ರೀಟ್ ಬೆಡ್ ಬೇಕೇ?
– ಸೇಡಂ ತಾಲ್ಲೂಕಿನ ಓದುಗರು

ಉತ್ತರ: ಬ್ಲಾಕ್ ಎಬ್ಬಿಸಿದ್ದು ಅಡಿಯಲ್ಲಿರುವ ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ತೆಳು ಕಾಂಕ್ರೀಟ್ ಹಾಕಿದರೆ ಅದೂ ಸೀಳುತ್ತದೆ, ಮೇಲಿನ ಫರ್ಸಿಯನ್ನೂ ಸೀಳಿಸುತ್ತದೆ. ಸಿಮೆಂಟಿಲ್ಲದೆ ಬಿಡಿ ಹಾಸು ಹಾಕಿಸಿ, ಕುಸಿದ ಕಡೆ ನಾಲ್ಕು ಕಲ್ಲು ಎತ್ತಿ ಮತ್ತೆ ಕೂರಿಸಬಹುದು.

ಒಂದೂಕಾಲು ಅಡಿ ಎರೆ ತೆಗೆಯಿರಿ. ಕೆಂಪು ಗರಸನ್ನು (ಹರಳು ಬೆರೆತ ಗಟ್ಟಿ ಮಣ್ಣು) 8 ಇಂಚು ಹರವಿ, ನೀರು ಚಿಮುಕಿಸಿ, ರೋಲರ್ ಓಡಿಸಿ 6 ಇಂಚಿಗೆ ಇಳಿಸಿ. ಇಂಥ ಎರಡು ಪದರ ಬೇಕು. ನಿಮ್ಮ ಬಯಲಿಗೆ ಸುಮಾರು 21ರಿಂದ 22 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಗರಸು ಹಿಡಿಯುತ್ತದೆ. ಖರ್ಚು ಉಳಿಸಲು ಗರಸಿನ ಬದಲು ಬರೀ ಮರಳು ತುಂಬಿಸುವವರಿದ್ದಾರೆ, ಒಪ್ಪಬೇಡಿ. ಮರಳು ನೀರನ್ನು ನೇರ ಎರೆಗೇ ಇಳಿಸುತ್ತದೆ. ಗರಸಿನ ಮೇಲೆ 2 ಇಂಚು ಕಲ್ಲಿನ ಪುಡಿ, ಅದರ ಮೇಲೆ ಒಂದೂವರೆಯಿಂದ 2 ಇಂಚು ದಪ್ಪದ ಒರಟು ಫರ್ಸಿ. ಪಾಲಿಶ್ ಕಲ್ಲು ಮಳೆಗೆ ಜಾರುತ್ತದೆ. ಒಡೆಯುವುದನ್ನೂ ಲೆಕ್ಕ ಹಿಡಿದು 1,700 ಚದರಡಿ ತರಿಸಿ. ಸುತ್ತ ಅಂಚುಗಲ್ಲನ್ನು ಸಿಮೆಂಟಿನಲ್ಲಿ ಹೂಳದಿದ್ದರೆ ಹಾಸು ಹೊರಕ್ಕೆ ಸರಿಯುತ್ತದೆ.

ಇಳಿಜಾರು 5 ಅಡಿಗೆ 1 ಇಂಚು, ಅಂದರೆ ಒಂದು ಅಂಚಿನಿಂದ ಇನ್ನೊಂದಕ್ಕೆ 8 ಇಂಚು. ಇದನ್ನು ಕಣ್ಣಂದಾಜಿಗೆ ಬಿಡಬೇಡಿ. 50 ಅಡಿ ಪಾರದರ್ಶಕ ಪೈಪಿಗೆ ನೀರು ತುಂಬಿ, ಎರಡೂ ತುದಿ ಹಿಡಿದು ಮಟ್ಟ ನೋಡಿ. ಒಳಗೆ ಒಂದು ಗಾಳಿಗುಳ್ಳೆ ಇದ್ದರೂ ಮಟ್ಟ ಸುಳ್ಳು ಹೇಳುತ್ತದೆ. ಹಾಸಿನ ಮೇಲ್ಮೈ ಸುತ್ತಲಿನ ಮನೆಗಳ ಹೊಸ್ತಿಲಿಗಿಂತ ಕನಿಷ್ಠ 6 ಇಂಚು ಕೆಳಗಿರಲಿ. ಹಳೆ ಸಿಸಿ ರಸ್ತೆಯ ಮೇಲೆ ಹೊಸದು ಹಾಕುತ್ತ ಹಾಕುತ್ತ ಮನೆಗಳೇ ತಗ್ಗಿಗೆ ಬಿದ್ದ ಊರುಗಳು ನಮ್ಮ ಕಡೆ ಕಡಿಮೆಯೇನಿಲ್ಲ. ಕೆಲಸ ದೀಪಾವಳಿ ದಾಟಿದ ಮೇಲೆ ಹಿಡಿಯಿರಿ. ಏಪ್ರಿಲ್, ಮೇನಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟ ನೆಲದ ಮೇಲೆ ಹಾಸಿದರೆ ಮೊದಲ ಮಳೆಗೇ ಎದ್ದೀತು.

ಪ್ರಶ್ನೆ: ಬೇವಿನ ಮರದ ಸುತ್ತ ಕಟ್ಟೆ ಕಟ್ಟಿ, ಮಣ್ಣು ತುಂಬಿ ಸಿಮೆಂಟ್ ಮಾಡಿಸಿದ್ದೇವೆ. ಈಗ ತುದಿ ಟೊಂಗೆಗಳು ಒಣಗುತ್ತಿವೆ.
– ಚಿತ್ತಾಪುರ ತಾಲ್ಲೂಕು

ಉತ್ತರ: ಬುಡಕ್ಕೆ ಎರಡಡಿ ಮಣ್ಣು ಏರಿಸಿ ಮೇಲೆ ಸಿಮೆಂಟ್ ಮುಚ್ಚಿದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಹಸಿ ನಿಂತು ಬುಡದ ತೊಗಟೆ ಕೊಳೆಯುತ್ತದೆ. ಕಾಂಡದಿಂದ 3 ಅಡಿ ಸುತ್ತ ಸಿಮೆಂಟ್ ಒಡೆಸಿ, ಬೇರು ಕವಲೊಡೆಯುವ ಜಾಗ ಕಾಣುವವರೆಗೆ ಮಣ್ಣು ತೆಗೆಯಿರಿ. ಜೆಸಿಬಿ ಬೇಡ, ಸಲಿಕೆಯಲ್ಲೇ ಮಾಡಿ. ಕಟ್ಟೆಯನ್ನು ಪೂರ್ತಿ ಕೆಡವಬೇಕಾಗಿಲ್ಲ: ಹೊರಗಿನ ಗೋಡೆಯನ್ನು ಒಂದೂವರೆ ಅಡಿ ಎತ್ತರ, ಅಷ್ಟೇ ಅಗಲ ಉಳಿಸಿದರೆ ಕೂರಲು ಹಿತ. ನೀರು ಹೊರಹೋಗಲು ಗೋಡೆಯ ಬುಡದಲ್ಲಿ 4 ಅಡಿಗೊಂದರಂತೆ ಕಿಂಡಿ ಬಿಡಿ.

ಪ್ರಶ್ನೆ: ನಳದ ಕಟ್ಟೆಯ ನೀರು ನಡು ಊರಲ್ಲಿ ರೊಜ್ಜಾಗುತ್ತದೆ. ಇಂಗುಗುಂಡಿ ತೋಡಿಸಿದೆವು, ತಿಂಗಳಲ್ಲೇ ತುಂಬಿ ಉಕ್ಕಿತು. ಬೀದರ್ ಕಡೆಯ ನೆಂಟರ ಊರಲ್ಲಿ ಅದೇ ಗುಂಡಿ ಚೆನ್ನಾಗಿದೆ. ಯಾಕೆ?
– ಶಹಾಪುರ ತಾಲ್ಲೂಕು

ಉತ್ತರ: ನೆಂಟರ ಊರು ಬಹುಶಃ ಕೆಂಪು ಜಂಬಿಟ್ಟಿಗೆ ನೆಲದ್ದು, ಅದು ನೀರು ಹೀರುತ್ತದೆ. (ಬೀದರಿನ ನೌಬಾದ್ ಕರೇಜ್, ಅಂದರೆ ನೆಲದಡಿಯ ಹಳೆ ನೀರಿನ ಕಾಲುವೆಯ ಸುರಂಗ ತೋಡಿದ್ದೂ ಅಂಥ ನೆಲದಲ್ಲೇ.) ಎರೆ ಒಮ್ಮೆ ನೆನೆದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಒಂದಡಿ ಗುಂಡಿ ತೋಡಿ, ಹಿಂದಿನ ದಿನವೇ ನೀರು ತುಂಬಿ ನೆನೆಸಿ, ಮರುದಿನ ಮತ್ತೆ ತುಂಬಿ. ತಾಸಿಗೆ ಒಂದಿಂಚೂ ಇಳಿಯದಿದ್ದರೆ ಇಂಗುಗುಂಡಿಯ ಆಸೆ ಬಿಡಿ.

ಅದರ ಬದಲು ನೀರನ್ನು ಮೊದಲು ಒಂದೂವರೆ ಅಡಿ ಚೌಕದ ಹೂಳು ತೊಟ್ಟಿಗೆ, ಅಲ್ಲಿಂದ ಪೈಪಿನಲ್ಲಿ ಬಾಳೆ, ನುಗ್ಗೆಯ ಸಾಲಿಗೆ ಬಿಡಿ. ಸಾಲನ್ನು ಎರಡು ಭಾಗ ಮಾಡಿ, ವಾರಕ್ಕೊಂದು ಭಾಗ ಒಣಗಲು ಬಿಟ್ಟರೆ ವಾಸನೆ ಬರದು. ತೊಟ್ಟಿಯ ಸೋಪಿನ ಕೆನೆ, ಹೂಳನ್ನು ವಾರಕ್ಕೊಮ್ಮೆ ಎತ್ತಬೇಕು. ಅದನ್ನು ಯಾರು ಮಾಡುತ್ತಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಇಂಥ ವ್ಯವಸ್ಥೆ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಶುದ್ಧ ನೀರಿನ ಘಟಕದ ತ್ಯಾಜ್ಯ ನೀರನ್ನು ಈ ಸಾಲಿಗೆ ಸೇರಿಸಬೇಡಿ. ಅದರಲ್ಲಿ ಉಪ್ಪು, ಫ್ಲೋರೈಡ್ ಒತ್ತಾಗಿರುತ್ತವೆ, ಎರೆ ನೆಲ ಇನ್ನೂ ಬಿಗಿಯುತ್ತದೆ. ಶೌಚಾಲಯ ತೊಳೆಯಲು ಬಳಸಿ.

ಪ್ರಶ್ನೆ: ಅಗಸಿಗೆ ಹೈಮಾಸ್ಟ್ ದೀಪ (ಎತ್ತರದ ಒಂದೇ ಕಂಬದ ದೊಡ್ಡ ದೀಪ) ಕೇಳೋಣವೇ?
– ಆಳಂದ ತಾಲ್ಲೂಕು

ಉತ್ತರ: ಬೇಡ. ಬೇವಿನ ಮರದ ಕೆಳಗೆ ಕತ್ತಲೆ, ಪಕ್ಕದ ಮಾಳಿಗೆ ಮೇಲೆ ಮಲಗಿದವರ ಕಣ್ಣಿಗೆ ಬೆಳಕು. ಕೆಟ್ಟರೆ ಕೈಗೆಟುಕದು, ತಿಂಗಳುಗಟ್ಟಲೆ ಕತ್ತಲೆ. 15 ಅಡಿಯ ನಾಲ್ಕು ಕಂಬ, ಒಂದೊಂದಕ್ಕೂ 20 ವ್ಯಾಟಿನ ಹಳದಿ ಛಾಯೆಯ ಎಲ್‌ಇಡಿ ಸಾಕು. ಏಣಿ ಹಾಕಿ ಬದಲಿಸಬಹುದು.

ಪ್ರಶ್ನೆ: ಇದನ್ನೆಲ್ಲ ಪಂಚಾಯಿತಿಯಲ್ಲಿ ಎತ್ತುವುದು ಹೇಗೆ?
– ಅದೇ ತಾಲ್ಲೂಕು

ಉತ್ತರ: 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ಬರಹದಲ್ಲಿ ಕೊಡಿ, ನಡಾವಳಿ ಪುಸ್ತಕದಲ್ಲಿ ಸೇರಿದ್ದನ್ನು ನೋಡಿ ನಕಲು ಪಡೆಯಿರಿ. ಅದಕ್ಕೂ ಮೊದಲು ಜಾಗ ಗ್ರಾಮಠಾಣಾದ್ದೋ, ಗುಡಿ ಅಥವಾ ದರ್ಗಾಕ್ಕೆ ಸೇರಿದ್ದೋ, ಲೋಕೋಪಯೋಗಿ ರಸ್ತೆಯ ಅಂಚೋ ದಾಖಲೆಯಲ್ಲಿ ನೋಡಿಕೊಳ್ಳಿ. ಅಂದಾಜು ಪಟ್ಟಿ ಬರೆಸುವಾಗ ಗರಸು, ಇಳಿಜಾರು, ಚರಂಡಿ ಬೇರೆ ಬೇರೆ ಸಾಲಿನಲ್ಲಿ ಬರಲಿ. ‘ಬಯಲು ಅಭಿವೃದ್ಧಿ’ ಎಂದು ಒಂದೇ ಸಾಲಿದ್ದರೆ ಗರಸು ಎಷ್ಟು ಬ್ರಾಸ್ ಬಿತ್ತೆಂದು ಗುತ್ತಿಗೆದಾರರನ್ನು ಕೇಳಲು ನಿಮ್ಮ ಕೈಯಲ್ಲಿ ಆಧಾರವಿರುವುದಿಲ್ಲ.