ಐಸ್ ಹಾಕಿಗೆ ಗರಡಿ ಸಾಮು ಸಾಕಾ?

ಎರಡು ಸಂಚಿಕೆ ಹಿಂದೆ ಸ್ಕೇಟಿಂಗ್ ಕಲಿಯುವ ಮಕ್ಕಳ ಮಂಡಿನೋವಿನ ಬಗ್ಗೆ ಇಲ್ಲಿ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಐಸ್ ಹಾಕಿ ಬಗ್ಗೆಯೇ ಇವೆ, ಅದೂ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ! 2025ರಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಆಡಿ ಕಂಚು ತಂದಿದ್ದರ ಪ್ರಭಾವ ಇರಬೇಕು. ಸರಿ, ಈ ಸಲ ಪೂರ್ತಿ ಅದೇ.

ಪ್ರಶ್ನೆ: ಸರ್, ನನಗೆ 18 ವರ್ಷ. ಐದು ವರ್ಷದಿಂದ ಇನ್‌ಲೈನ್ ಸ್ಕೇಟ್ ಕಟ್ಟಿ ಹಾಕಿ ಆಡ್ತಿದ್ದೀನಿ. ಈ ಚಳಿಗಾಲ ಲೇಹ್‌ಗೆ ಹೋಗಿ ಐಸ್ ಮೇಲೆ ಆಡೋ ಆಸೆ. ಅಮೆರಿಕದವರ ಫಿಟ್‌ನೆಸ್ ಟೆಸ್ಟ್ ವಿಡಿಯೊ ನೋಡಿ ಭಯ ಆಗಿದೆ. ಬೆಂಚ್ ಪ್ರೆಸ್ 70 ಕೆ.ಜಿ. ಹೊಡೀತೀನಿ, ಆದ್ರೆ ಪುಲ್ ಅಪ್ ಮೂರೇ ಬರೋದು. ನನ್ನ ಕೈಲಿ ಆಗುತ್ತಾ?
– ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ತಮ್ಮಾ, ನೀನು ನೋಡಿರೋದು ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನವರ ಕಂಬೈನ್, ಅಂದರೆ ಫಿಟ್‌ನೆಸ್ ಪರೀಕ್ಷೆಯ ಶಿಬಿರ ಇರಬೇಕು. ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಮುಂಚೆ ಅಮೆರಿಕದ ಬಫಲೋ ಊರಿಗೆ ಹದಿನೇಳು, ಹದಿನೆಂಟರ ಹುಡುಗರನ್ನು ಕರೆಸಿ ಪರೀಕ್ಷೆ ಮಾಡುತ್ತಾರೆ. ತಮಾಷೆ ಏನು ಗೊತ್ತಾ, ಅಲ್ಲಿ ಐಸೇ ಇಲ್ಲ. ಎಲ್ಲ ನೆಲದ ಮೇಲೆ. ನಿಂತಲ್ಲಿಂದ ಮುಂದಕ್ಕೆ ಜಿಗಿತ, ಮೇಲಕ್ಕೆ ಜಿಗಿತ, ಕೈ ಹಿಡಿತದ ಬಲ, ಪುಲ್ ಅಪ್, ಅತ್ತಿತ್ತ ತಿರುಗಿ ಓಡುವುದು. ಬೆಂಚ್ ಪ್ರೆಸ್ ಕೂಡ ಇದೆ, ಆದರೆ ಎಷ್ಟು ಭಾರ ಎತ್ತಿದೆ ಅಂತ ಕೇಳುವುದಿಲ್ಲ, ನಿನ್ನ ತೂಕದ ಅರ್ಧದಷ್ಟನ್ನು ಎಷ್ಟು ವೇಗವಾಗಿ ತಳ್ಳಿದೆ ಅಂತ ನೋಡುತ್ತಾರೆ.

ಹುಡುಗರು ನಿಜವಾಗಿ ಹೆದರುವುದು ಸೈಕಲ್‌ಗೆ. ವಿಂಗೇಟ್ ಟೆಸ್ಟ್ ಅಂತ ಹೆಸರು. ಇಸ್ರೇಲ್‌ನ ವಿಂಗೇಟ್ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಮಾಡಿದ್ದು. ನಿಂತಲ್ಲೇ ತುಳಿಯುವ ಸೈಕಲ್‌ನ ಚಕ್ರಕ್ಕೆ ಸಾಮಾನ್ಯವಾಗಿ ನಿನ್ನ ತೂಕದ ಶೇ. 7.5ರಷ್ಟು ಭಾರ ಬೀಳುವ ಹಾಗೆ ಬ್ರೇಕ್ ಬಿಗಿಯುತ್ತಾರೆ. 64 ಕೆ.ಜಿ. ಹುಡುಗನಿಗೆ 4.8 ಕೆ.ಜಿ. ಆಯಿತು. ಆಮೇಲೆ 30 ಸೆಕೆಂಡ್, ಒಂದು ಚೂರೂ ಉಳಿಸಿಕೊಳ್ಳದೆ ತುಳಿಯಬೇಕು. ಮೊದಲ ಐದು ಸೆಕೆಂಡ್ ಹುಲಿ. ಹದಿನೈದಕ್ಕೆ ತೊಡೆಯಲ್ಲಿ ಬೆಂಕಿ. ಇಪ್ಪತ್ತೈದಕ್ಕೆ ಪೆಡಲ್ ಕೆಸರಲ್ಲಿ ಹೂತ ಹಾಗೆ. ಇಳಿದ ಮೇಲೆ ವಾಂತಿ ಮಾಡಿಕೊಳ್ಳುವವರಿಗೆ ಪಕ್ಕದಲ್ಲಿ ಬಕೆಟ್ ಇಟ್ಟಿರುತ್ತಾರೆ. ಇಷ್ಟು ಹಿಂಸೆ ಯಾಕೆ ಅಂದರೆ ಆಟವೇ ಹಾಗಿದೆ. ಐಸ್ ಮೇಲೆ ಒಂದು ಸಲ ಇಳಿದರೆ ಮುಕ್ಕಾಲು ನಿಮಿಷದ ಆಸುಪಾಸು ಆಡುತ್ತೀಯ, ಅದನ್ನು ಶಿಫ್ಟ್ ಅನ್ನುತ್ತಾರೆ. ಆಮೇಲೆ ಬೆಂಚ್ ಮೇಲೆ ಎರಡು ಮೂರು ನಿಮಿಷ ಕೂತು ಮತ್ತೆ ಇಳಿಯಬೇಕು. ಪೂರ್ತಿ ಜೋರಾಗಿ ಹೋಗಿ ಬಂದು, ಕೂತು, ಮತ್ತೆ ಅಷ್ಟೇ ಜೋರಾಗಿ ಹೋಗುವ ತಾಕತ್ತು ಬೇಕು.

ಪುಲ್ ಅಪ್ ವಿಷಯಕ್ಕೆ ಬರೋಣ. 2014ರ ಕಂಬೈನ್‌ನಲ್ಲಿ ಸ್ಯಾಮ್ ಬೆನೆಟ್ ಅಂತ ಒಬ್ಬ ಹುಡುಗನಿಗೆ ಒಂದೇ ಒಂದು ಪುಲ್ ಅಪ್ ಬರಲಿಲ್ಲ. ಎಲ್ಲ ಪತ್ರಿಕೆಯಲ್ಲೂ ನಗೆಪಾಟಲು. ಆದರೂ ಕ್ಯಾಲ್ಗರಿ ತಂಡದವರು ನಾಲ್ಕನೇ ಆಯ್ಕೆಯಾಗಿ ತಗೊಂಡರು. ಅದೇ ಬೆನೆಟ್ 2025ರಲ್ಲಿ ಫ್ಲೋರಿಡಾ ತಂಡದ ಜೊತೆ ಆ ಲೀಗ್‌ನ ಚಾಂಪಿಯನ್ನರ ಸ್ಟ್ಯಾನ್ಲಿ ಕಪ್ ಗೆದ್ದ, ಪ್ಲೇ ಆಫ್‌ನ ಅತ್ಯುತ್ತಮ ಆಟಗಾರ ಅಂತ ಕಾನ್ ಸ್ಮೈತ್ ಟ್ರೋಫಿಯನ್ನೂ ಎತ್ತಿದ. ಹಾಗಂತ ಪುಲ್ ಅಪ್ ಬಿಡಬೇಡ, ಅವನಿಗಿಂತ ನೀನು ಮೂರು ಮುಂದಿದ್ದೀಯ ಅಷ್ಟೇ! ಟೆಸ್ಟ್ ಹೇಳುವುದು ಯಾವ ಭಾಗ ಹಿಂದಿದೆ, ಎಲ್ಲಿ ಕೆಲಸ ಮಾಡಬೇಕು ಅಂತ. ನೀನು ಎಂಥ ಆಟಗಾರ ಅಂತ ಅದು ಹೇಳಲ್ಲ.

ನಿನ್ನ ಪತ್ರದಲ್ಲಿ ನನಗೆ ಬೇಜಾರಾಗಿದ್ದು ಬೇರೆ. ಬೆಂಚ್ ಪ್ರೆಸ್ ಎಷ್ಟು ಅಂತ ಬರೆದಿದ್ದೀಯ, ಸ್ಕ್ವಾಟ್, ಅಂದರೆ ಭಾರ ಹೊತ್ತು ಕೂತು ಏಳುವುದು ಎಷ್ಟು ಅಂತ ಬರೆದೇ ಇಲ್ಲ. ಸ್ಕೇಟ್ ಮುಂದೆ ಹೋಗುವುದು ಎದೆಯಿಂದ ಅಲ್ಲ. ಒಂದು ಕಾಲಿನ ಮೇಲೆ ಕೂತು, ಇನ್ನೊಂದನ್ನು ಪಕ್ಕಕ್ಕೂ ಹಿಂದಕ್ಕೂ ತಳ್ಳಿದಾಗ ಹೋಗುತ್ತದೆ. ಅಂದರೆ ಸೊಂಟ, ಪೃಷ್ಠ, ತೊಡೆ. ವಾರಕ್ಕೆ ಎರಡು ಮೂರು ದಿನ ಸ್ಕ್ವಾಟ್, ಹಿಂದಿನ ಕಾಲನ್ನು ಬೆಂಚ್ ಮೇಲಿಟ್ಟು ಒಂದೇ ಕಾಲಿನ ಸ್ಕ್ವಾಟ್, ಮಂಡಿ ಸ್ವಲ್ಪವೇ ಬಗ್ಗಿಸಿ ಮಾಡುವ ಡೆಡ್‌ಲಿಫ್ಟ್, ಪಕ್ಕಕ್ಕೆ ಉದ್ದ ಹೆಜ್ಜೆ ಇಟ್ಟು ಕೂರುವ ಲಂಜ್, ಇಷ್ಟು ಮಾಡು. ಭಾರ ಜಾಸ್ತಿ, ಎಣಿಕೆ ಕಮ್ಮಿ, ಐದಾರು ಸಾಕು. ಒಂದೊಂದು ಸುತ್ತಿನ ಮಧ್ಯೆ ಎರಡು ನಿಮಿಷ ಸುಮ್ನೆ ಕೂತುಕೋ, ಫೋನ್ ಬೇಡ. ಜಿಗಿತವನ್ನು ಮೈ ದಣಿಯುವ ಮುಂಚೆ, ಮೊದಲಿಗೇ ಮುಗಿಸು.

ದಮ್ಮಿಗೆ ನಿಮ್ಮೂರಲ್ಲೇ ಜೋಗಿಮಟ್ಟಿ ಕಡೆಯ ಏರು ಇದೆಯಲ್ಲ. ಬೆಳಗ್ಗೆ ಗಾಡಿ ಓಡಾಟ ಶುರುವಾಗುವ ಮುಂಚೆ 40 ಸೆಕೆಂಡ್ ಏರು ಓಡು, ಎರಡೂವರೆ ನಿಮಿಷ ನಿಧಾನಕ್ಕೆ ಇಳಿದು ಬಾ. ಆರು ಸಲದಿಂದ ಶುರು ಮಾಡಿ ಹತ್ತಕ್ಕೆ ಹೋಗು. ದಿನಾ ಹತ್ತು ಕಿಲೋಮೀಟರ್ ಜಾಗಿಂಗ್ ಮಾಡಿದರೆ ಶಿಫ್ಟ್‌ಗೆ ಬೇಕಾದ ದಮ್ಮು ಬರಲ್ಲ.

ಇನ್ನೊಂದು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಚಿತ್ರದುರ್ಗ ಏಳ್ನೂರು ಚಿಲ್ಲರೆ. ವಿಮಾನದಲ್ಲಿ ಇಳಿದವನು ಮೊದಲ ಎರಡು ಮೂರು ದಿನ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತಾನೆ. ಆ ದಿನಗಳಲ್ಲಿ ಟೆಸ್ಟ್ ಕೊಟ್ಟು ನಂಬರ್ ಕಮ್ಮಿ ಬಂತು ಅಂತ ಅಳಬೇಡ. ನಾಲ್ಕೈದು ದಿನ ಮುಂಚೆ ಹೋಗು, ಮೊದಲೆರಡು ದಿನ ಬರೀ ಮಲಗು, ನೀರು ಕುಡಿ.

ಪ್ರಶ್ನೆ: ನಮ್ಮ ಮಗಳಿಗೆ 13 ವರ್ಷ. ಕೋಚ್ ತೂಕ ಎತ್ತಿಸಬೇಕು ಅಂತಾರೆ. ನಮ್ಮ ಅತ್ತೆ, ಎತ್ತರ ನಿಂತುಹೋಗುತ್ತೆ, ನಾಳೆ ಗಂಡು ಸಿಗಲ್ಲ ಅಂತಾರೆ. ಯಾರ ಮಾತು ಕೇಳಲಿ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೇಡಂ, ಈ ಒಂದು ವಿಷಯದಲ್ಲಿ ಕೋಚ್ ಮಾತು ಕೇಳಿ, ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಸರಿಯಾಗಿ ಕಲಿಸುವವರು ಪಕ್ಕದಲ್ಲಿ ನಿಂತು ಮಾಡಿಸಿದರೆ ಎತ್ತರ ನಿಲ್ಲುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಇದನ್ನೇ ಹೇಳುತ್ತದೆ. ನೀರಿನ ಬಿಂದಿಗೆ ಎತ್ತಿ ಬೆಳೆದ ಹುಡುಗಿಯರು ನಮ್ಮಲ್ಲಿ ಕುಳ್ಳಗಾದರಾ? ಆದರೆ ಒಂದೇ ಸಲಕ್ಕೆ ಎಷ್ಟು ಭಾರ ಎತ್ತುತ್ತಾಳೆ ನೋಡೋಣ ಅನ್ನುವ ಪಂದ್ಯ ಈ ವಯಸ್ಸಿಗೆ ಬೇಡ. ಮೊದಲ ಎರಡು ತಿಂಗಳು ಖಾಲಿ ಕೋಲು ಹಿಡಿದು ಸ್ಕ್ವಾಟ್ ಕಲಿಯಲಿ. ಜಿಗಿದು ಇಳಿಯುವಾಗ ಮಂಡಿಗಳು ಒಳಕ್ಕೆ ವಾಲುತ್ತವಾ ಅಂತ ನೀವೇ ಮುಂದೆ ನಿಂತು ನೋಡಿ. ವಾಲಿದರೆ ಭಾರ ಸೇರಿಸುವುದು ಬೇಡ, ಮೊದಲು ಇಳಿಯುವುದನ್ನು ತಿದ್ದಲಿ.

ಪ್ರಶ್ನೆ: ಜಗಳೂರು ಕಡೆಯ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ನಾನು. ಎಂಟು ಮಕ್ಕಳು ಸ್ಕೇಟಿಂಗ್ ಮಾಡುತ್ತಾರೆ. ಟೆಸ್ಟ್ ಮಾಡಿ ದಾಖಲೆ ಇಡಬೇಕೆಂದಿದ್ದೇನೆ. ನಮ್ಮಲ್ಲಿ ಇರುವುದು ಒಂದು ಸ್ಟಾಪ್‌ವಾಚ್, ಒಂದು ಟೇಪು, ಸುಣ್ಣದ ಪುಡಿ.

ಉತ್ತರ: ಮೇಷ್ಟ್ರೇ, ಅಷ್ಟಿದ್ದರೆ ಬಹಳ ಆಯಿತು. ನಾನು ಶುರು ಮಾಡಿದಾಗ ಟೇಪೂ ಇರಲಿಲ್ಲ. ಟೈಲರ್ ಹತ್ತಿರ ಬಟ್ಟೆ ಅಳೆಯುವ ಎರಡು ಟೇಪು ಇಸ್ಕೊಂಡು ಉದ್ದಕ್ಕೆ ಹೊಲಿಸಿದ್ದೆ. ಜೂನ್‌ನಲ್ಲಿ ಮಕ್ಕಳ ಜಿಗಿತ ಅಳೆದೆ. ಮೂರು ತಿಂಗಳು ಬೆವರು ಸುರಿಸಿ ಮಾಡಿಸಿದೆ. ಸೆಪ್ಟೆಂಬರ್‌ನಲ್ಲಿ ಅಳೆದರೆ ಎಲ್ಲರೂ ಮೂರು ನಾಲ್ಕು ಸೆಂಟಿಮೀಟರ್ ಹಿಂದೆ! ಒಂದು ವಾರ ನಿದ್ದೆ ಬರಲಿಲ್ಲ. ಆಮೇಲೆ ನೋಡಿದರೆ ಟೇಪು ಎಳೆದೂ ಎಳೆದೂ ಉದ್ದ ಆಗಿತ್ತು, ಗೆರೆಗಳ ನಡುವಿನ ಅಂತರ ಹಿಗ್ಗಿತ್ತು, ಹಾಗಾಗಿ ಅಷ್ಟೇ ದೂರಕ್ಕೆ ಕಮ್ಮಿ ಲೆಕ್ಕ ತೋರಿಸುತ್ತಿತ್ತು. ಸ್ಟೀಲ್ ಟೇಪು ತಗೊಳ್ಳಿ.

ಮೊದಲನೆಯದು ನಿಂತಲ್ಲಿಂದ ಉದ್ದ ಜಿಗಿತ. ಗೆರೆಯ ಹಿಂದೆ ಎರಡೂ ಪಾದ ಜೋಡಿಸಿ ನಿಲ್ಲಬೇಕು, ಕೈ ಬೀಸಿ ಜಿಗಿಯಬೇಕು. ಗೆರೆಯಿಂದ ಹಿಂದಿನ ಹಿಮ್ಮಡಿ ಎಲ್ಲಿ ಬಿತ್ತೋ ಅಲ್ಲಿಗೆ ಅಳೆಯಿರಿ, ಬೆರಳಿಗಲ್ಲ. ಹಸಿ ಮಣ್ಣಾದರೆ ಹಿಮ್ಮಡಿ ಗುಂಡಿ ಚೆನ್ನಾಗಿ ಕಾಣುತ್ತದೆ. ಇಳಿದ ಮೇಲೆ ಹಿಂದಕ್ಕೆ ಕೈ ಊರಿದರೆ ಲೆಕ್ಕಕ್ಕಿಲ್ಲ. ಮೂರು ಸಲ ಬಿಡಿ, ಚೆನ್ನಾಗಿದ್ದದ್ದನ್ನು ಬರೆಯಿರಿ.

ಎರಡನೆಯದು ಗೋಡೆ. ಬೆರಳ ತುದಿಗೆ ಸುಣ್ಣ ಹಚ್ಚಿ, ನಿಂತು ಕೈ ಎತ್ತಿದಾಗ ಒಂದು ಗುರುತು, ಜಿಗಿದು ಮುಟ್ಟಿದಾಗ ಇನ್ನೊಂದು. ನಡುವಿನ ಅಂತರವೇ ಉತ್ತರ. ಮಕ್ಕಳು ಕಳ್ಳರು, ಮೊದಲ ಗುರುತಿಗೆ ಭುಜ ಪೂರ್ತಿ ಎತ್ತುವುದಿಲ್ಲ, ಅದರಲ್ಲೇ ಐದು ಸೆಂಟಿಮೀಟರ್ ಹೊಡೆಯುತ್ತಾರೆ. ನೋಡಿಕೊಳ್ಳಿ.

ಮೂರನೆಯದು ತಿರುಗುವುದು. ಐದು ಗಜಕ್ಕೊಂದರಂತೆ ಮೂರು ಗೆರೆ ಸುಣ್ಣದಲ್ಲಿ ಎಳೆಯಿರಿ. ಮೀಟರಿನಲ್ಲಿ 4.57. ಗಜದ ಲೆಕ್ಕ ಬಟ್ಟೆ ಮಿಲ್ಲು ನೋಡಿದ ದಾವಣಗೆರೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಡುವಿನ ಗೆರೆಯಿಂದ ಬಲಕ್ಕೆ ಐದು ಗಜ ಓಡಿ ಗೆರೆ ಮುಟ್ಟಿ, ತಿರುಗಿ ಹತ್ತು ಗಜ ಓಡಿ ಆಚೆ ಗೆರೆ ಮುಟ್ಟಿ, ಮತ್ತೆ ತಿರುಗಿ ಐದು ಗಜ ಓಡಿ ನಡುಗೆರೆ ದಾಟಬೇಕು. ಇನ್ನೊಮ್ಮೆ ಎಡಕ್ಕೆ ಶುರು ಮಾಡಿಸಿ. ಎರಡಕ್ಕೂ ವ್ಯತ್ಯಾಸ ಜಾಸ್ತಿ ಇದ್ದರೆ ಒಂದು ಕಾಲು ಸೋಮಾರಿ ಅಂತ ಅರ್ಥ, ಸ್ಕೇಟಿಂಗ್‌ನಲ್ಲಿ ಅದು ಎದ್ದು ಕಾಣುತ್ತದೆ. ಸ್ಟಾಪ್‌ವಾಚ್ ಯಾವಾಗಲೂ ನಿಮ್ಮ ಕೈಯಲ್ಲೇ ಇರಲಿ. ಇವತ್ತು ನೀವು, ನಾಳೆ ಗಣಿತದ ಮೇಷ್ಟ್ರು ಒತ್ತಿದರೆ ಬೆರಳಿನ ವ್ಯತ್ಯಾಸವೇ ಮಕ್ಕಳ ವ್ಯತ್ಯಾಸ ಆಗಿಬಿಡುತ್ತದೆ.

ದಮ್ಮಿಗೆ ಬೀಪ್ ಟೆಸ್ಟ್. 20 ಮೀಟರ್ ಅಂತರದಲ್ಲಿ ಬೀಪ್ ಸದ್ದಿಗೆ ಸರಿಯಾಗಿ ಹೋಗಿ ಬರುವುದು. ಗಂಟೆಗೆ 8.5 ಕಿ.ಮೀ. ವೇಗದಲ್ಲಿ ಶುರುವಾಗಿ ನಿಮಿಷಕ್ಕೆ ಅರ್ಧ ಕಿ.ಮೀ. ಏರುತ್ತದೆ. ಐಸ್ ಹಾಕಿಯ ತವರು ಕೆನಡಾದ, ಮಾಂಟ್ರಿಯಲ್‌ನ ಲುಕ್ ಲೆಜೆ ಅನ್ನುವವರು ರೂಪಿಸಿದ್ದು. ಆಡಿಯೊ ಫೋನ್‌ನಲ್ಲೇ ಸಿಗುತ್ತದೆ. ಬಿಸಿಲೇರುವ ಮುಂಚೆ ಮುಗಿಸಿ, ಇದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಮಾಡಿಸಿದರೆ ಆಮೇಲೆ ಯಾರೂ ಜಿಗಿಯುವುದಿಲ್ಲ.

ಒಂದು ಬೇಡಿಕೆ. ಪಟ್ಟಿಯನ್ನು ನೋಟಿಸ್ ಬೋರ್ಡ್‌ಗೆ ಅಂಟಿಸಬೇಡಿ. ಪ್ರತಿ ಮಗುವಿಗೂ ಒಂದು ಹಾಳೆ, ಅದರಲ್ಲಿ ಅವನದೇ ಹಳೆಯ ಲೆಕ್ಕ, ಹೊಸ ಲೆಕ್ಕ. ಎಂಟನೇ ಕ್ಲಾಸಿನಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತದೆ, ಇನ್ನೊಬ್ಬ ಇನ್ನೂ ಮಗು. ಇಬ್ಬರ ಜಿಗಿತ ಹೋಲಿಸಿ ಏನು ಮಾಡುತ್ತೀರಿ?

ಪ್ರಶ್ನೆ: ನಮ್ಮ ಗರಡಿಗೆ ಬರುವ ಹುಡುಗನೊಬ್ಬ ಸ್ಕೇಟಿಂಗ್ ಹಾಕಿ ಆಡುತ್ತಾನೆ. ಜಿಮ್ಮಿಗೆ ಹೋಗ್ತೀನಿ ಅಂತಾನೆ. ನಮ್ಮ ಸಾಮು ಸಾಕಾಗಲ್ವಾ?
– ಹಳೇ ಪೈಲ್ವಾನ್, ದಾವಣಗೆರೆ

ಉತ್ತರ: ಉಸ್ತಾದರೇ, ಮುಕ್ಕಾಲು ಪಾಲು ಸಾಕು, ಕಾಲು ಪಾಲು ಸಾಲದು. ಮಲ್ಲಕಂಬ ಹತ್ತಿದವನ ಹಿಡಿತಕ್ಕೆ ಯಾವ ಮಿಷನ್ನೂ ಸಾಟಿಯಿಲ್ಲ. ದಂಡ ಹೊಡೆದವನ ಭುಜ, ಗದೆ ತಿರುಗಿಸಿದವನ ನಡು, ಎರಡೂ ಸ್ಟಿಕ್ ಬೀಸಲು ಬೇಕೇ ಬೇಕು. ಕುಸ್ತಿಯವನು ಕೆಳಗೆ ಕೂತು ನಿಲ್ಲುವ ರೀತಿಯೂ ಸ್ಕೇಟರ್ ನಿಲ್ಲುವ ರೀತಿಗೆ ಹತ್ತಿರ.

ಕೊರತೆ ಇರುವುದು ಬಸ್ಕಿಯಲ್ಲಿ. ಐನೂರು ಬಸ್ಕಿ ಹೊಡೆದರೆ ಸಹನೆ ಬರುತ್ತದೆ, ಸಿಡಿಯುವ ಬಲ ಬರುವುದಿಲ್ಲ. ಮತ್ತೆ ಬಸ್ಕಿ ನೇರ ಮೇಲೆ ಕೆಳಗೆ, ಎರಡೂ ಕಾಲಿನ ಮೇಲೆ. ಸ್ಕೇಟಿಂಗ್ ಒಂದು ಕಾಲಿನದು, ಪಕ್ಕಕ್ಕೆ. ಮಂಡಕ್ಕಿ ಭಟ್ಟಿಯಿಂದ ಖಾಲಿ ಚೀಲ ತರಿಸಿ 20 ಕೆ.ಜಿ. ಮರಳು ತುಂಬಿ, ಬಾಯಿ ಹೊಲಿದು ಹೆಗಲ ಮೇಲೆ ಹೊರಿಸಿ. ಬಲಕ್ಕೆ ಉದ್ದ ಹೆಜ್ಜೆ ಇಟ್ಟು ಆ ಕಾಲಿನ ಮೇಲೆ ಪೂರ್ತಿ ಕೂತು ಏಳಲಿ, ಆಮೇಲೆ ಎಡಕ್ಕೆ. ಎಂಟೆಂಟು, ನಾಲ್ಕು ಸುತ್ತು. ಚೀಲ ಇಳಿಸಿದ ಮೇಲೆ ಮಟ್ಟಿಯ ಮೇಲೆ ಒಂದು ಕಾಲಿಂದ ಇನ್ನೊಂದಕ್ಕೆ ಪಕ್ಕಕ್ಕೆ ಹಾರಿ, ಇಳಿದಲ್ಲಿ ಎರಡು ಸೆಕೆಂಡ್ ಅಲುಗಾಡದೆ ನಿಲ್ಲಲಿ. ನಿಲ್ಲಲು ಬರುವುದಿಲ್ಲ, ನೋಡಿ ಬೇಕಾದರೆ. ಬಂದ ದಿನ ಚೀಲಕ್ಕೆ ಇನ್ನೈದು ಕೆ.ಜಿ. ಹಾಕಿ.

ಪ್ರಶ್ನೆ: ಏಪ್ರಿಲ್ ಬಿಸಿಲಲ್ಲಿ ಡಾಂಬರು ಕರಗೋ ಊರು ನಮ್ಮದು. ಇಲ್ಲಿ ಐಸ್ ಹಾಕಿ ಅಂದ್ರೆ ಹುಚ್ಚಲ್ವೇನ್ರಿ?
– ನಿವೃತ್ತ ಗುಮಾಸ್ತರು, ಹರಿಹರ

ಉತ್ತರ: ಹಿರಿಯರೇ, ಮೇಲೆ ಹೇಳಿದ ಬೆನೆಟ್ ಕಪ್ ಗೆದ್ದ ಫ್ಲೋರಿಡಾದಲ್ಲಿ ಮಂಜು ಬೀಳುವುದೇ ಅಪರೂಪ. 2023ರಲ್ಲಿ ಗೆದ್ದಿದ್ದು ಮರುಭೂಮಿಯ ಲಾಸ್ ವೇಗಸ್. 2016ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯಾದ ಆಸ್ಟನ್ ಮ್ಯಾಥ್ಯೂಸ್ ಬೆಳೆದಿದ್ದು ಅರಿಜೋನಾದ ಸುಡು ಬಿಸಿಲಲ್ಲಿ. ಐಸ್ ಹಾಸಿದ ಅಂಕಣ, ಅದೇ ರಿಂಕ್, ಇಲ್ಲ ಅನ್ನುವುದು ನಿಜವಾದ ಕಷ್ಟ, ಅದನ್ನು ಒಪ್ಪುತ್ತೇನೆ. ಬಿಸಿಲನ್ನು ಮಾತ್ರ ದೂರಬೇಡಿ.

ಪ್ರಶ್ನೆ: ವರ್ಕೌಟ್ ಆದಮೇಲೆ ಬೆಣ್ಣೆ ದೋಸೆ ತಿನ್ನಬಹುದಾ ಸರ್?

ಉತ್ತರ: ತಿನ್ನಿ, ಯಾರು ಬೇಡ ಅಂದರು. ಆದರೆ ಅದರಲ್ಲಿ ಪ್ರೋಟೀನ್ ಕಮ್ಮಿ. ಜೊತೆಗೆ ಎರಡು ಮೊಟ್ಟೆಯೋ, ಒಂದು ಹಿಡಿ ಶೇಂಗಾ ಮತ್ತು ಒಂದು ಲೋಟ ಹಾಲೋ ಇರಲಿ. ಮೂರು ದೋಸೆ ತಿಂದು ಅದನ್ನೇ ಡಯಟ್ ಅನ್ನಬೇಡಿ.

ಪ್ರಶ್ನೆ: ಸ್ಕೇಟಿಂಗ್ ಜೋರು ಮಾಡಿದಾಗೆಲ್ಲ ತೊಡೆಸಂದಿನಲ್ಲಿ ಎಳೆದ ಹಾಗೆ ನೋವು. ಎರಡು ದಿನ ಬಿಟ್ಟರೆ ಹೋಗುತ್ತೆ, ಮತ್ತೆ ಬರುತ್ತೆ. ವಯಸ್ಸು 22.
– ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಇದು ಹಾಕಿಯವರಿಗೆ ಬರುವ ಮಾಮೂಲಿ ಕಾಯಿಲೆ. ಪ್ರತಿ ಸಲ ಕಾಲು ಹೊರಕ್ಕೆ ತಳ್ಳಿದಾಗ ಒಳತೊಡೆಯ ಸ್ನಾಯು ಅದನ್ನು ತಡೆದು ವಾಪಸ್ ಎಳೆಯಬೇಕು. ಹೊರಗಿನದು ಗಟ್ಟಿ, ಒಳಗಿನದು ಸಪ್ಪೆ ಆದರೆ ಹರಿಯುವುದು ಒಳಗಿನದೇ. 2001ರಲ್ಲಿ ಒಂದು ಎನ್‌ಎಚ್‌ಎಲ್ ತಂಡದ ಆಟಗಾರರನ್ನು ಅಳೆದು ನೋಡಿದ ಅಧ್ಯಯನ ಇದೆ. ಒಳತೊಡೆಯ ಬಲ ಹೊರಗಿನದರ ಶೇ. 80ಕ್ಕಿಂತ ಕಮ್ಮಿ ಇದ್ದವರಿಗೆ ಈ ಪೆಟ್ಟಾಗುವ ಸಾಧ್ಯತೆ 17 ಪಟ್ಟು ಜಾಸ್ತಿ ಇತ್ತು. ಸುಮ್ನೆ ಸ್ಟ್ರೆಚ್ ಮಾಡ್ತಾ ಕೂತರೆ ಈ ಕೊರತೆ ತುಂಬುವುದಿಲ್ಲ, ಬಲ ಬೇಕು.

ಮನೆಯಲ್ಲೇ ನೋಡಿಕೊಳ್ಳಿ. ಅಂಗಾತ ಮಲಗಿ ಮಂಡಿ ಮಡಚಿ, ಎರಡು ಮಂಡಿಗಳ ನಡುವೆ ಫುಟ್‌ಬಾಲ್ ಇಟ್ಟು ಐದು ಸೆಕೆಂಡ್ ಜೋರಾಗಿ ಅಮುಕಿ. ನೋವಿಲ್ಲದಿದ್ದರೆ ಅದನ್ನೇ ದಿನಾ ಹತ್ತು ಸಲ ಮಾಡಿ. ಎರಡು ವಾರ ಆದ ಮೇಲೆ ಕೋಪನ್‌ಹೇಗನ್ ಶುರು ಮಾಡಿ: ಪಕ್ಕಕ್ಕೆ ಮಲಗಿ, ಮೇಲಿನ ಕಾಲಿನ ಮಂಡಿಯನ್ನು ಬೆಂಚ್ ಮೇಲಿಟ್ಟು, ಕೆಳಗೆ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು. ಮೊದಲು ಹತ್ತು ಸೆಕೆಂಡ್ ಹಿಡಿದರೆ ದೊಡ್ಡದು. ಮಂಡಿ ಬದಲು ಪಾದ ಇಟ್ಟು ಹಿಡಿಯುವುದು ಆಮೇಲಿನ ಮಾತು. ಬಾಲ್ ಅಮುಕಿದಾಗಲೇ ಚುಚ್ಚಿದ ಹಾಗೆ ನೋವು ಬಂದರೆ, ಕೆಮ್ಮಿದಾಗಲೂ ನೋವಾದರೆ ಇದ್ಯಾವುದೂ ಬೇಡ. ಹರ್ನಿಯಾ ಇರಬಹುದು, ಮೊದಲು ಡಾಕ್ಟರ್‌ಗೆ ತೋರಿಸಿ, ಅಲ್ಲಿಯವರೆಗೆ ಸ್ಕೇಟ್ ಕಟ್ಟಬೇಡಿ.