ಮೈಂಡ್ ಮ್ಯಾಪ್ ಗೋಜಲಾಗುತ್ತಿದ್ದರೆ ಚೀಟಿಯಿಂದ ಶುರುಮಾಡಿ

ನಾಲ್ಕನೇ ತರಗತಿಯವರು ‘ತೆಂಗಿನ ಮರ’ ಪ್ರಬಂಧಕ್ಕೆ ಮೈಂಡ್ ಮ್ಯಾಪ್ (ನಡುವೆ ವಿಷಯ ಬರೆದು, ಸಂಬಂಧಿಸಿದ ಪದಗಳನ್ನು ಸುತ್ತ ಕೊಂಬೆಗಳಂತೆ ಜೋಡಿಸುವ ಚಿತ್ರ) ಬರೆದರೆ ಎಲ್ಲ ಪದವೂ ನಡುವಿನ ವೃತ್ತಕ್ಕೇ ಅಂಟಿಕೊಳ್ಳುತ್ತದೆ ಅಂದಿರಿ, ಮೇಡಂ. ಯೋಚಿಸುವುದು, ಜೋಡಿಸುವುದು ಎರಡನ್ನೂ ಒಟ್ಟಿಗೇ ಮಾಡಿಸಿದರೆ ಹೀಗಾಗುತ್ತದೆ.

ಮೊದಲು ಚೀಟಿ. ನಾಲ್ವರ ಗುಂಪಿಗೆ 3 ಎ4 ಹಾಳೆ, ಒಂದೊಂದನ್ನೂ 8 ತುಂಡು ಮಾಡಿ. ತಲಾ 6 ಚೀಟಿ, 5 ನಿಮಿಷ. ಚೀಟಿಗೆ ಒಂದೇ ಪದ: ಎಳನೀರು, ಪೊರಕೆ, ಚಿಪ್ಪು, ಕೊಬ್ಬರಿ. ಬರೆಯಲು ತಡವರಿಸುವ ಮಗು ಚಿತ್ರ ಬಿಡಿಸಲಿ. ಈಗಲೇ ಕಾಗುಣಿತ ತಿದ್ದಬೇಡಿ, ತಿದ್ದಿದರೆ ಸುಲಭದ ಪದಗಳಷ್ಟೇ ಬರುತ್ತವೆ.

ಆಮೇಲೆ ಚೀಟಿಗಳನ್ನು ನೆಲದ ಮೇಲೆ ಹರಡಿ, ಒಂದಕ್ಕೊಂದು ಸಂಬಂಧವಿರುವುದನ್ನು ಗುಂಪು ಮಾಡಿಸಿ. ಗುಂಪಿನ ಹೆಸರನ್ನು ನೀವೇ ಹೇಳಿಬಿಟ್ಟರೆ ಮಕ್ಕಳಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಪೊರಕೆ ‘ಗರಿ’ಗೋ ‘ಮನೆ ಸಾಮಾನಿ’ಗೋ ಎಂದು ಜಗಳವಾದರೆ ಒಳ್ಳೆಯದೇ, ಇನ್ನೊಂದು ಚೀಟಿ ಬರೆದು ಎರಡೂ ಕಡೆ ಇಡಿ. ಒಂಟಿ ಚೀಟಿಗಳನ್ನು ಎಸೆಯಬೇಡಿ, ಪಕ್ಕಕ್ಕಿರಲಿ.

ನಾಲ್ಕೈದು ಗುಂಪು ನಿಂತ ಮೇಲಷ್ಟೇ ಚಾರ್ಟ್. ಅಡ್ಡಲಾಗಿ ಹಾಸಿ, ಗೆರೆ ಪೆನ್ಸಿಲಿನಲ್ಲಿ, ಗೋಂದು ಕೊನೆಗೆ. (ತೆಂಗಿಗೆ ಕೊಂಬೆಯಿಲ್ಲವಲ್ಲ, ಗುಂಪಿಗೊಂದು ಗರಿ ಬಿಡಿಸಿ!) ಗರಿಗಳಿಗೆ 1, 2, 3 ಎಂದು ಮಕ್ಕಳೇ ಸಂಖ್ಯೆ ಹಾಕಲಿ: ಒಂದು ಗರಿ, ಒಂದು ಪ್ಯಾರಾ. ಎರಡೇ ಚೀಟಿಯಿರುವ ಗರಿಯಿಂದ ಪ್ಯಾರಾ ಹೊರಡುವುದಿಲ್ಲ, ಪಕ್ಕದ್ದಕ್ಕೆ ಸೇರಿಸಿ.