ಕಡಿದಾದ ಇಳಿಜಾರಿನಲ್ಲಿ ಹೂತೋಟ

ಪ್ರಶ್ನೆ: ನಮ್ಮ ಮನೆಯ ಹಿಂದಿನ ಜಾಗ ಕಡಿದಾದ ಇಳಿಜಾರು. ಪ್ರತಿ ಮಳೆಗಾಲದಲ್ಲೂ ಗುಲಾಬಿ, ಡೇಲಿಯಾ ಗಿಡಗಳ ಬುಡದ ಮಣ್ಣು ಕೊಚ್ಚಿ ಅಂಗಳಕ್ಕೆ ಬರುತ್ತದೆ, ಹಾಕಿದ ಗೊಬ್ಬರ ನಿಲ್ಲುವುದಿಲ್ಲ, ಕಳೆ ಕೀಳಲು ಆಳುಗಳೂ ಒಪ್ಪುವುದಿಲ್ಲ. ಜೆಸಿಬಿ ತರಿಸಿ ಸಮತಟ್ಟು ಮಾಡಿಸಿ ಎಂದು ಕೆಲವರು, ಇಂಗುಗುಂಡಿ ತೆಗೆಸಿ ಎಂದು ಇನ್ನು ಕೆಲವರು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮಡಿಕೇರಿ ತಾಲ್ಲೂಕು

ಉತ್ತರ: ಎರಡೂ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು, ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣಗಳಲ್ಲಿ ಒಂದೆಂದು ಗುರುತಿಸಿತ್ತು. ಬುಡ ಕಡಿದ ಧರೆಗೆ ಆಸರೆ ಇರುವುದಿಲ್ಲ. ಇಂಗುಗುಂಡಿ ಬಯಲುಸೀಮೆಗೆ ವರ. ಆದರೆ ಮನೆಯ ನೆತ್ತಿಯ ಮೇಲಿನ ಕಡಿದಾದ ಗುಡ್ಡದಲ್ಲಿ, ಮೊದಲೇ ನೆನೆದು ಭಾರವಾದ ಮಣ್ಣಿಗೆ ಇನ್ನಷ್ಟು ನೀರು ಕುಡಿಸುವುದು ಅಪಾಯಕರ.

ಗಿಡಗಳ ಚಿಂತೆಗಿಂತ ಮೊದಲು ನೀರಿನ ದಾರಿ ನೋಡಿ. ತೋಟದ ಮೇಲಂಚಿನಲ್ಲಿ ಒಂದು ಬಸಿಗಾಲುವೆ ತೆಗೆದು, ಮೇಲಿನಿಂದ ಬರುವ ನೀರನ್ನು ಕಲ್ಲು ಹಾಸಿದ ಚರಂಡಿಯ ಮೂಲಕ ಪಕ್ಕದವರ ಜಾಗಕ್ಕೆ ನುಗ್ಗದಂತೆ ಹಳ್ಳಕ್ಕೆ ಸಾಗಿಸಿ. ಅನಂತರ ಸಮಪಾತಳಿ ಗೆರೆಗಳನ್ನು, ಅಂದರೆ ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಸಾಗುವ ಗೆರೆಗಳನ್ನು, ಗುರುತಿಸಿ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ: ಮೂರು ಬಿದಿರ ಗಳಗಳನ್ನು ಇಂಗ್ಲಿಷಿನ ‘ಎ’ ಅಕ್ಷರದಂತೆ ಬಿಗಿದು, ತುದಿಯಿಂದ ದಾರದಲ್ಲಿ ಕಲ್ಲೊಂದನ್ನು ಇಳಿಬಿಟ್ಟರೆ, ದಾರವು ಅಡ್ಡಗಳದ ನಡುಗುರುತಿಗೆ ಬಂದು ನಿಂತಾಗ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಒಂದು ಕಾಲನ್ನು ಊರಿ ಇನ್ನೊಂದನ್ನು ತಿರುಗಿಸುತ್ತಾ, ಗೂಟ ನೆಡುತ್ತಾ ಸಾಗಿ. ಜೂನ್ ಆರಂಭದಲ್ಲಿ ಈ ಗೆರೆಗಳ ಮೇಲೆ ಲಾವಂಚದ ಸಸಿಗಳನ್ನು 10ರಿಂದ 15 ಸೆಂ.ಮೀ. ಅಂತರದಲ್ಲಿ ಒತ್ತಾಗಿ ನೆಡಿ. ಅದರ ಬೇರು ನೇರವಾಗಿ ಆಳಕ್ಕಿಳಿಯುತ್ತದೆ, ಬುಡವು ಹರಿದು ಬರುವ ಮಣ್ಣನ್ನು ತಡೆದು ಮೆಲ್ಲನೆ ಮೆಟ್ಟಿಲಾಗಿಸುತ್ತದೆ. ಬೇರಿಗೆ ಒಳ್ಳೆಯ ಬೆಲೆ ಇದೆಯೆಂದು ಮಾತ್ರ ಅಗೆದು ತೆಗೆಯಬೇಡಿ.

ಹೂಗಿಡಗಳಿಗೆ ಇಡೀ ಗುಡ್ಡವನ್ನು ಮೆಟ್ಟಿಲು ಮಾಡುವ ಬದಲು, ಪ್ರತಿ ಗಿಡಕ್ಕೂ ಒಳಮುಖವಾಗಿ ತುಸು ಇಳಿಜಾರಿರುವ ಅರ್ಧಚಂದ್ರಾಕಾರದ ಕಟ್ಟೆ ಸಾಕು. ಗೊಬ್ಬರವನ್ನು ಗಿಡದ ಮೇಲ್ಭಾಗದಲ್ಲಿ ಸಣ್ಣ ಗೀರು ತೆಗೆದು, ಮಳೆ ಇಳಿದ ಮೇಲೆ ಕಂತುಗಳಲ್ಲಿ ಹಾಕಿ ಮಣ್ಣು ಮುಚ್ಚಿ. ಮಳೆಗಾಲದಲ್ಲಿ ಗುದ್ದಲಿ ಮುಟ್ಟದೆ, ಕಳೆಯನ್ನು ಕತ್ತಿಯಲ್ಲಿ ಸವರಿ ಅಲ್ಲೇ ಹಾಸಿ. ಬೋಳಿಸಿದ ತೋಟ ಕಣ್ಣಿಗೆ ಚೆಂದ ಕಂಡರೂ ಗುಡ್ಡಕ್ಕೆ ಒಳ್ಳೆಯದಲ್ಲ. ವರ್ಷವೂ ಅಗೆತ ಬೇಡುವ ಡೇಲಿಯಾವನ್ನು ಅಂಗಳದ ಕುಂಡಗಳಿಗೆ ಇಳಿಸಿ, ಮೇಲೆ ಹೈಡ್ರೇಂಜಿಯಾ, ಜರಿಗಿಡಗಳಂಥ ಬಹುವಾರ್ಷಿಕಗಳನ್ನು ಬೆಳೆಸಿ. ಆಳುಗಳ ಅಡಚಣೆಗೆ ಅಡ್ಡಡ್ಡವಾಗಿ ತಿರುಗುತ್ತಾ ಏರುವ, ಕಾಲೂರಿ ನಿಲ್ಲಬಹುದಾದ ಕಾಲುದಾರಿಯೇ ಪರಿಹಾರ.

ಮಣ್ಣಿನಲ್ಲಿ ಬಿರುಕು ಬಿಟ್ಟರೆ, ಮರಗಳು ವಾಲತೊಡಗಿದರೆ ಅಥವಾ ಹೊಸ ಜಲ ಒಡೆದು ಕೆಸರುನೀರು ಬಂದರೆ, ತೋಟದ ಕೆಲಸ ಬಿಟ್ಟು ಕೂಡಲೇ ಮನೆಯಿಂದ ಹೊರಬಂದು ಗ್ರಾಮ ಪಂಚಾಯಿತಿಗೆ ತಿಳಿಸಿ.